ಲಕ್ವ ಹೊಡೆದು ಎಂಟು ತಿಂಗಳಾದ ಮೇಲೂ ಸ್ಪೀಚ್ ಥೆರಪಿಯಿಂದ ಪ್ರಯೋಜನವಿದೆಯೇ?

ಪ್ರಶ್ನೆ (ಸಾಗರದವ):
ಎಂಟು ತಿಂಗಳ ಹಿಂದೆ ನಮ್ಮ ತಂದೆಯವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಕೈ ಬಹುಮಟ್ಟಿಗೆ ಸುಧಾರಿಸಿದೆ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ. ಆದರೆ ನೀರು ಕೇಳಬೇಕಾದಾಗ ‘ಅದು... ಅದು...’ ಎಂದು ತಡವರಿಸಿ ‘ಹಾಲು’ ಎನ್ನುತ್ತಾರೆ, ಹಾಲು ತಂದರೆ ಲೋಟವನ್ನು ದೂರ ತಳ್ಳಿ ಕಣ್ಣೀರು ಹಾಕುತ್ತಾರೆ. ಎರಡರ ಮಗ್ಗಿಯನ್ನು ಮಾತ್ರ ಸರಾಗವಾಗಿ ಒಪ್ಪಿಸುತ್ತಾರೆ. ಆರು ತಿಂಗಳಾದ ಮೇಲೆ ಮಾತು ಮರಳುವುದಿಲ್ಲವೆಂದು ವೈದ್ಯರೊಬ್ಬರು ಹೇಳಿದ್ದರಿಂದ, ವಾರಕ್ಕೊಮ್ಮೆ ಅರ್ಧ ಗಂಟೆ ನಡೆಯುತ್ತಿದ್ದ ಥೆರಪಿಯನ್ನು ನಿಲ್ಲಿಸಿದೆವು. ಸಂಶೋಧನೆ ಹಾಗೆಯೇ ಹೇಳುತ್ತದೆಯೇ? ಮನೆಯಲ್ಲಿ ಹವ್ಯಕ ಕನ್ನಡ, ಬ್ಯಾಂಕಿನ ಕೆಲಸದಲ್ಲಿ ಇಂಗ್ಲಿಷ್ ಬಳಸಿದವರಿಗೆ ಯಾವ ಭಾಷೆಯಲ್ಲಿ ಅಭ್ಯಾಸ ಮಾಡಿಸಬೇಕು?

ಉತ್ತರ (ವಾಕ್ ಚಿಕಿತ್ಸಕಿ):
ನೀವು ವಿವರಿಸಿರುವುದು ಅಫೇಸಿಯಾದ, ಅಂದರೆ ಮಿದುಳಿಗಾದ ಹಾನಿಯಿಂದ ಭಾಷೆಯ ಬಳಕೆ ಕುಂದುವ ತೊಂದರೆಯ, ಲಕ್ಷಣ. ಮಗ್ಗಿ, ವಾರಗಳ ಹೆಸರು, ದೇವರನಾಮ ಇವೆಲ್ಲ ಬಾಯಿಪಾಠವಾದ ಸರಣಿಗಳಾದ್ದರಿಂದ, ಬೇಕಾದ ಪದವೊಂದನ್ನು ಹುಡುಕಿ ತೆಗೆಯಲಾಗದವರಿಗೂ ಅವು ಹಲವು ವೇಳೆ ಉಳಿದಿರುತ್ತವೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ಚುರುಕೆಂಬುದು ನಿಜ, ಆದರೆ ಆರು ತಿಂಗಳಿಗೆ ಎಲ್ಲವೂ ಮುಗಿಯಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಲಕ್ವ ಹೊಡೆದು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲವಾಗಿದ್ದ 156 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಕನಿಷ್ಠ 10 ಗಂಟೆಯಂತೆ ಮೂರು ವಾರ ಚಿಕಿತ್ಸೆ ಪಡೆದವರ ದಿನನಿತ್ಯದ ಮಾತುಕತೆ ಸುಧಾರಿಸಿತು. ಆ ಮೂರು ವಾರ ಸರದಿಗಾಗಿ ಕಾಯುತ್ತಿದ್ದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ವಾರಕ್ಕೆ ಅರ್ಧ ಗಂಟೆಯಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಹಾಗೆಂದು ಹೆಚ್ಚಿಸುತ್ತಲೇ ಹೋಗಬೇಡಿ: 57 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದ 2016ರ ಸಮೀಕ್ಷೆಯ ಪ್ರಕಾರ ತೀವ್ರವಾದ ಚಿಕಿತ್ಸೆಯಿಂದ ಲಾಭವಿದ್ದರೂ ಅರ್ಧಕ್ಕೇ ಬಿಟ್ಟುಹೋದವರೂ ಅದರಲ್ಲೇ ಹೆಚ್ಚು.

ಉತ್ತರ (ಭಾಷಾವಿಜ್ಞಾನದ ವಿದ್ಯಾರ್ಥಿ):
ಭಾಷೆಯ ಪ್ರಶ್ನೆ ಹಳೆಯದು. ಹಲವು ಭಾಷೆ ಬಲ್ಲವರಲ್ಲಿ ಮೊದಲು ಕಲಿತ ಭಾಷೆಯೇ ಉಳಿಯುತ್ತದೆಂದು ಫ್ರೆಂಚ್ ಮನೋವಿಜ್ಞಾನಿ ರಿಬೋ, ಹೆಚ್ಚು ಬಳಕೆಯಲ್ಲಿದ್ದ ಭಾಷೆ ಮೊದಲು ಮರಳುತ್ತದೆಂದು 1895ರಲ್ಲಿ ಫ್ರೆಂಚ್ ವೈದ್ಯ ಪಿತ್ರ್ ವಾದಿಸಿದರು. ಎರಡೂ ಎಲ್ಲರಿಗೂ ಅನ್ವಯಿಸಲಿಲ್ಲ. ಆದ್ದರಿಂದ ಪ್ರತಿ ಭಾಷೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಸರಿ. ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿದರೆ ಸಾಲದು. ರೋಗಿಯ ಬಾಯಲ್ಲಿ ಕ್ರಿಯಾಪದದ ಬಾಲ ಕಳಚಿದರೂ ಇಂಗ್ಲಿಷಿನಲ್ಲಿ ಒಂದು ಪದ ಉಳಿಯುತ್ತದೆ. ನಮ್ಮ ‘ಬಂದಳು’ ಎಂಬುದರಿಂದ ಪ್ರತ್ಯಯ ತೆಗೆದರೆ ಉಳಿಯುವ ‘ಬಂದ್’ ಬರುವುದನ್ನು ಸೂಚಿಸುವ ಪದವೇ ಅಲ್ಲ. ಅಫೇಸಿಯಾವನ್ನು ಅಳೆಯುವ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ ಎಂಬ ಪರೀಕ್ಷೆಯ ಕನ್ನಡ ರೂಪ ಬಳಕೆಯಲ್ಲಿದೆ, ಅದನ್ನು ಕೇಳಿ ಪಡೆಯಿರಿ. ಹವ್ಯಕದ ‘ಎಂತ’, ‘ಹೇಂಗೆ’ಗಳನ್ನು ತಪ್ಪೆಂದು ಎಣಿಸದಂತೆ ಮೊದಲೇ ತಿಳಿಸಿರಿ.

ಉತ್ತರ (ಮೈಸೂರಿನಿಂದ):
ನನ್ನ ಪತ್ನಿಯನ್ನು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ಮಾಡಿಸಿದೆವು. ಅಂಗಡಿಯ ಚಿತ್ರಪಟಗಳಲ್ಲಿದ್ದ ಜಿರಾಫೆಗಿಂತ ನಮ್ಮದೇ ಒರಳು, ಸೌಟು, ಚಂಬುಗಳ ಫೋಟೊಗಳು ಹೆಚ್ಚು ಉಪಯೋಗಕ್ಕೆ ಬಂದವು. ನನಗೆ ಕಷ್ಟವೆನಿಸಿದ್ದು ಸುಮ್ಮನೆ ಕಾಯುವುದು: ಅವಳು ಪದ ಹುಡುಕುವಾಗ ನಾನೇ ವಾಕ್ಯ ಮುಗಿಸುತ್ತಿದ್ದೆ.

ಪ್ರಶ್ನೆ ಕೇಳಿದವರು:
ನಾನೂ ಅದನ್ನೇ ಮಾಡುತ್ತಿದ್ದೇನೆ. ಸೋಮವಾರ ಮತ್ತೆ ಪರೀಕ್ಷೆಗೆ ಸಮಯ ಕೇಳಿದ್ದೇನೆ. ಅಮ್ಮನನ್ನೂ ಕರೆದೊಯ್ಯುತ್ತೇನೆ, ಅಪ್ಪನ ಹವ್ಯಕವನ್ನು ನನಗಿಂತ ಅವರೇ ಚೆನ್ನಾಗಿ ಬಲ್ಲರು.