ಪದಚರ್ಚೆ: ‘ಓವರ್‌ಲೋಡ್’ಗೆ ಅತಿಭಾರ ಸರಿಯೇ? ‘ರಿಕವರಿ’ಗೆ ಏನನ್ನೋಣ?

ಗೆಳೆಯರೇ,

ಹೈಸ್ಕೂಲು ಮಕ್ಕಳ ಓಟದ ತರಬೇತಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಓವರ್‌ಲೋಡ್. ಕೆಲವರು ಇದನ್ನು ‘ಅತಿಭಾರ’ ಅನ್ನುತ್ತಾರೆ. ನನಗೆ ಇದು ಒಪ್ಪುತ್ತಿಲ್ಲ. ಅತಿಯಾಸೆ, ಅತಿವೃಷ್ಟಿ ಅಂದಾಗ ಮಿತಿ ಮೀರಿತು ಅಂತಲೇ ಅರ್ಥ ಅಲ್ವಾ? ಸುಸ್ತಾಗಿ ಬೀಳುವವರೆಗೂ ಓಡಬೇಕು ಅಂತ ಮಕ್ಕಳು ತಿಳಿದುಕೊಂಡರೆ ಕಾಲು ಕೆಡುತ್ತದೆ. ನಿಜವಾಗಿ ಇದರ ಅರ್ಥ, ಮೈಗೆ ರೂಢಿಯಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಅಂತ. ವಾರಕ್ಕೆ 4 ದಿನ 3 ಕಿಲೋಮೀಟರ್ ಓಡಿ ಪಳಗಿದ ಹುಡುಗಿಗೆ ಮೂರೂವರೆ ಕಿಲೋಮೀಟರೇ ಓವರ್‌ಲೋಡ್. ಅದೂ ಪಳಗಿದ ಮೇಲೆ ಅದು ಓವರ್‌ಲೋಡ್ ಅಲ್ಲ. ದೂರವನ್ನೇ ಏರಿಸಬೇಕೆಂದಿಲ್ಲ. ವೇಗ ಏರಿಸಬಹುದು, ಸುತ್ತುಗಳ ನಡುವಿನ ಬಿಡುವು ಇಳಿಸಬಹುದು. ಎಲ್ಲವನ್ನೂ ಒಂದೇ ವಾರ ಮಾಡಬಾರದು, ಅಷ್ಟೇ.

ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಅವರು ಮಂಡಿಗೆ ಪೆಟ್ಟಾದ ಸೈನಿಕರಿಗೆ ತೂಕ ಎತ್ತಿಸಿ ಕಾಲಿಗೆ ಬಲ ತಂದುಕೊಟ್ಟರು. 1945ರ ಲೇಖನದಲ್ಲಿ ಅವರು ಈ ಕ್ರಮವನ್ನು ‘ಹೆವಿ’ ಅಂತ ಕರೆದಿದ್ದರು. 1948ರ ಲೇಖನದಲ್ಲಿ ಅದರ ಜಾಗಕ್ಕೆ ‘ಪ್ರೋಗ್ರೆಸಿವ್’ (ಹಂತಹಂತವಾಗಿ ಏರುವ) ಬಂತು. ಅಂದರೆ ಭಾರಕ್ಕಿಂತ ಏರಿಕೆ ಮುಖ್ಯ. ಅದಕ್ಕೇ ನಾನು ‘ಏರುಹೊರೆ’ ಅಂತ ಬರೆದುಕೊಂಡಿದ್ದೇನೆ. ಕಿವಿಗೆ ಒಗ್ಗುತ್ತದೆಯೇ?

ಗರಡಿಯಲ್ಲಿ ಇದಕ್ಕೆ ಪದ ಇರಲೇಬೇಕು ಅನ್ನುವುದು ನನ್ನ ನಂಬಿಕೆ. ಹೊಸ ಹುಡುಗನಿಗೆ ದಂಡ, ಬಸ್ಕಿಗಳ ಲೆಕ್ಕವನ್ನು ವಸ್ತಾದರು ಮೆಲ್ಲಗೆ ಏರಿಸುತ್ತಾರಲ್ಲ, ಆ ಏರಿಸುವುದಕ್ಕೆ ಏನನ್ನುತ್ತಾರೆ? ಮೈಸೂರು, ಧಾರವಾಡ, ಬೆಳಗಾವಿ ಕಡೆ ತಾಲೀಮು ಮಾಡಿದವರು ದಯವಿಟ್ಟು ತಿಳಿಸಿ.

ಇನ್ನು ರಿಕವರಿ. ‘ಚೇತರಿಕೆ’ ಅಂದರೆ ಕಾಯಿಲೆ ನೆನಪಾಗುತ್ತದೆ. ‘ವಿಶ್ರಾಂತಿ’ ಅಂದರೆ ಸುಮ್ನೆ ಕೂರುವುದು. ಮೆಲ್ಲನೆ ಓಡುವ ದಿನವೂ ಇದರಲ್ಲಿ ಸೇರಬೇಕು. ಓಡುವಾಗ ಮೈ ದಣಿಯುತ್ತದೆ. ಆಮೇಲೆ ನಿದ್ದೆ, ಊಟ, ಹಗುರ ದಿನಗಳಲ್ಲಿ ಅದು ಮೊದಲಿಗಿಂತ ತುಸು ಗಟ್ಟಿಯಾಗುತ್ತದೆ. ಏದುಸಿರು ಬಿಡುವವರಿಗೆ ನಾವು ‘ಸ್ವಲ್ಪ ಸುಧಾರಿಸ್ಕೋ’ ಅನ್ನುತ್ತೇವಲ್ಲ, ದಣಿವಾರುವುದೂ ಉತ್ತಮವಾಗುವುದೂ ಎರಡೂ ಆ ಮಾತಿನಲ್ಲಿವೆ. ತೊಡಕು ಏನೆಂದರೆ ‘ಸುಧಾರಣೆ’ ಎಂಬ ಪದವನ್ನು ಭೂಸುಧಾರಣೆ, ಸಮಾಜ ಸುಧಾರಣೆಗಳು ಹಿಡಿದುಕೊಂಡಿವೆ.

ವೇಳಾಪಟ್ಟಿಯಲ್ಲಿ ‘ಬುಧವಾರ: ಸುಧಾರಿಕೆ’ ಅಂತ ಬರೆದರೆ ಎಂಟನೇ ಕ್ಲಾಸಿನ ಮಗುವಿಗೆ ತಿಳಿಯುತ್ತದೆಯೇ? ಇಲ್ಲ ‘ಹಗುರ ದಿನ’ ಅಂದರೆ ಸಾಕೇ?