‘ನೈಸಾಗಿ ರುಬ್ಬು’: ಇದು ಯಾವ ನೈಸ್?

ಅಕ್ಕನ ಮಗಳು ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಕನ್ನಡ ಚೆನ್ನಾಗಿಯೇ ಬರುತ್ತದೆ. ಈ ಸಲ ರಜಕ್ಕೆ ಬಂದಾಗ ಅಮ್ಮ ಅವಳ ಕೈಗೆ ಮಿಕ್ಸಿ ಜಾರು ಕೊಟ್ಟು, "ಹುಳಿಗೆ ಕಾಯಿ ನೈಸಾಗಿ ರುಬ್ಬು ಪುಟ್ಟಿ" ಎಂದರು. ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು. ಕಾಯಿ ಇನ್ನೂ ತರಿತರಿ. "ನೈಸಾಗಿಲ್ವಲ್ಲೇ?" ಅಂತ ಅಮ್ಮ. "ಚೆನ್ನಾಗೇ ಇದೆಯಲ್ಲ ಅಜ್ಜಿ" ಅಂತ ಅವಳು. ಇಬ್ಬರ ಮನಸ್ಸಿನಲ್ಲೂ ಒಂದೇ ಪದ, ಅರ್ಥ ಮಾತ್ರ ಬೇರೆ: ಅಮ್ಮನಿಗೆ ನುಣ್ಣಗೆ, ಅವಳಿಗೆ ಇಂಗ್ಲಿಷಿನಂತೆ ಚೆನ್ನಾಗಿ. ಅಂದಿನಿಂದ ಈ ನೈಸ್ ನನ್ನ ತಲೆಯಲ್ಲಿ ಕೂತಿದೆ.

ಮೊದಲು ಇಂಗ್ಲಿಷಿನ ನೈಸ್. ಇದರ ಹುಟ್ಟು ಅಷ್ಟೇನೂ ನೈಸ್ ಅಲ್ಲ. ಲ್ಯಾಟಿನ್ನಿನ ‘ನೆಸ್ಕಿಯುಸ್’ ಅಂದರೆ ಏನೂ ತಿಳಿಯದವನು. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿ. ಸೈನ್ಸ್ ಎಂಬ ಪದ ಹುಟ್ಟಿದ್ದೂ ಇದೇ ‘ಸ್ಕೀರೆ’ಯಿಂದ. ಹಳೆಯ ಫ್ರೆಂಚಿನ ದಾರಿಯಲ್ಲಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ಪೆದ್ದ, ದಡ್ಡ. ಆಗ ಯಾರನ್ನಾದರೂ ನೈಸ್ ಎಂದಿದ್ದರೆ ಜಗಳವೇ ಆಗುತ್ತಿತ್ತು!

ಆಮೇಲೆ ಅದು ಅತಿ ನಾಜೂಕಿನವರಿಗೆ, ಎಲ್ಲದಕ್ಕೂ ಮೂಗು ಮುರಿಯುವವರಿಗೆ ಹೇಳುವ ಪದವಾಯಿತು. ಅಲ್ಲಿಂದ 16ನೇ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಕ್ಕೆ ಜಾರಿತು. ಈ ಅರ್ಥ ಇನ್ನೂ ಸತ್ತಿಲ್ಲ. ‘ನೈಸ್ ಡಿಸ್ಟಿಂಕ್ಷನ್’ ಅಂದರೆ ಒಳ್ಳೆಯ ವ್ಯತ್ಯಾಸ ಅಲ್ಲ, ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ. ತೀರ್ಪುಗಳಲ್ಲಿ ‘ನೈಸ್ ಕ್ವೆಶ್ಚನ್ ಆಫ್ ಲಾ’ ಎಂದು ಬಂದರೆ ಅದು ಕಾನೂನಿನ ಸೂಕ್ಷ್ಮ ಪ್ರಶ್ನೆ. ಅನುವಾದ ಮಾಡುವವರು ಇಲ್ಲಿ ಎಡವುವುದು ಸುಲಭ.

ಇನ್ನೂ ಮಜವಾದ ಪ್ರಯೋಗ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನದು. 1815ರ ಜೂನ್ 18ರಂದು ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮರುದಿನ ಬ್ರಸೆಲ್ಸ್‌ನಲ್ಲಿ ಥಾಮಸ್ ಕ್ರೀವಿ ಎಂಬುವನ ಹತ್ತಿರ ಆತ ಹೇಳಿದ್ದು, ಅದೊಂದು ‘ಡ್ಯಾಮ್ಡ್ ನೈಸ್ ಥಿಂಗ್’ ಅಂತ. ಆ ಯುದ್ಧದಲ್ಲಿ ಸಾವಿರಾರು ಜನ ಸತ್ತಿದ್ದರು. ಚೆನ್ನಾಗಿತ್ತು ಅಂತ ಅವನು ಹೇಳಲಿಲ್ಲ. ಸ್ವಲ್ಪದರಲ್ಲಿ ಗೆದ್ದೆವು, ಯಾವ ಕಡೆಗೆ ಬೇಕಾದರೂ ವಾಲಬಹುದಿತ್ತು ಎಂದ, ಅಷ್ಟೇ.

ಈಗ ನಾವು ಬಳಸುವ ‘ಹಿತವಾದ, ಚೆಂದದ’ ಎಂಬ ಅರ್ಥ 18ನೇ ಶತಮಾನದಲ್ಲಿ ಬೇರೂರಿದ್ದು. ಎಷ್ಟು ಬೇಗ ಸವೆಯಿತು ಅಂದರೆ, 1817ರ ಕೊನೆಯಲ್ಲಿ ಅಚ್ಚಾದ ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯಲ್ಲೇ ಇದರ ಗೇಲಿ ಇದೆ. ಕಥಾನಾಯಕಿ ಒಂದು ಪುಸ್ತಕವನ್ನು ತುಂಬಾ ನೈಸ್ ಅನ್ನುತ್ತಾಳೆ. ನೈಸ್ ಅಂದರೆ ಅಚ್ಚುಕಟ್ಟು ತಾನೆ, ಹಾಗಾದರೆ ಅದು ಬೈಂಡಿಂಗ್ ಹೇಗಿದೆ ಅನ್ನುವುದರ ಮೇಲೆ ನಿಂತಿದೆ ಅಂತ ನಾಯಕ ಹೆನ್ರಿ ಟಿಲ್ನಿ ಅವಳ ಕಾಲೆಳೆಯುತ್ತಾನೆ.

ಇಷ್ಟು ಅರ್ಥಗಳಲ್ಲಿ ‘ನುಣುಪು’ ಎಲ್ಲಿದೆ? ಎಲ್ಲೂ ಇಲ್ಲ. ಆದರೆ ಕನ್ನಡದಲ್ಲಿ ನೋಡಿ. ಹಿಟ್ಟಿನ ಗಿರಣಿಯಲ್ಲಿ "ನೈಸಾಗಿ ಬೀಸಿಕೊಡಿ". ಅಂಗಡಿಯಲ್ಲಿ ಸೀರೆ ಸವರಿ "ಎಷ್ಟು ನೈಸಾಗಿದೆ". ಟೈಲ್ಸ್ ಹಾಕಿದ ಬಚ್ಚಲಲ್ಲಿ "ನೆಲ ನೈಸು, ಜಾರತ್ತೆ, ಹುಷಾರು". ಜಾರಿ ಬೀಳುವ ನೆಲವನ್ನು ಇಂಗ್ಲಿಷಿನವರು ಯಾಕೆ ನೈಸ್ ಅಂತಾರೆ ಹೇಳಿ?

ನನ್ನ ಊಹೆ ಇದು. ನಮ್ಮಲ್ಲಿ ‘ನಯ’ ಎಂಬ ಪದ ಮೊದಲೇ ಇತ್ತು. ನಯವಾದ ಹಿಟ್ಟು, ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ. ಇಂಗ್ಲಿಷ್ ನೈಸ್ ಬಂದಾಗ ಕಿವಿಗೆ ಇದರ ತಮ್ಮನಂತೆ ಕೇಳಿಸಿತು. ಅಣ್ಣನ ಅಂಗಿಯನ್ನೆಲ್ಲ ತಮ್ಮ ಹಾಕಿಕೊಂಡ. "ನೈಸ್ ಮಾಡ್ತಾನೆ" ಅಂದರೆ ಬೆಣ್ಣೆ ಹಚ್ಚುತ್ತಾನೆ. "ನೈಸಾಗಿ ಜಾರಿಕೊಂಡ" ಅಂದರೆ ಯಾರಿಗೂ ತಿಳಿಯದಂತೆ ಕಾಲ್ಕಿತ್ತ. ಈ ಎರಡರಲ್ಲೂ ನಯವಂಚಕನ ನೆರಳಿದೆ, ಅಲ್ವಾ? ತಮಿಳರೂ ‘ನೈಸಾ’ ಎಂದು ಹೀಗೇ ಬಳಸುತ್ತಾರೆ, ಅವರಲ್ಲೂ ‘ನಯಂ’ ಇದೆ.

ಹಾಗಂತ ಇಂಗ್ಲಿಷಿನ ನೈಸ್ ಹುಟ್ಟಿದ್ದೇ ನಮ್ಮ ನಯದಿಂದ ಎಂದು ಹೊರಡಬೇಡಿ. ಅದರ ಬೇರು ಲ್ಯಾಟಿನ್ನಿನದು, ದಡ್ಡತನದ್ದು. ಸಂಸ್ಕೃತದ ‘ನಯ’ಕ್ಕೂ ನಮ್ಮ ನುಣುಪಿಗೂ ನಂಟು ಸಡಿಲ. ಅದು ‘ನೀ’ ಧಾತುವಿನದು, ಅಂದರೆ ಮುಂದಕ್ಕೆ ಒಯ್ಯುವುದು. ನೀತಿ, ನಾಯಕ, ನಯನ ಎಲ್ಲ ಅದೇ ಬಳಗ. ಅಲ್ಲಿ ನಯ ಅಂದರೆ ನಡತೆ, ರಾಜನೀತಿ. ಕಾಯಿ ರುಬ್ಬುವ ನಯ ನಮ್ಮ ಕಡೆಯದು.

ಯಾವ ನೈಸ್ ಯಾವುದು ಅಂತ ತಿಳಿಯಲು ನಾನು ಕಂಡುಕೊಂಡ ಉಪಾಯ, ಎದುರು ಪದ ಕೇಳುವುದು. ಇಂಗ್ಲಿಷಿನಲ್ಲಿ ನೈಸ್‌ಗೆ ಎದುರು ನಾಸ್ಟಿ. ಅಮ್ಮನ ನೈಸ್‌ಗೆ ಎದುರು ತರಿ, ಒರಟು. "ಸಿನಿಮಾ ನೈಸಾಗಿತ್ತು" ಎಂಬಲ್ಲಿ ನಯ ಹಾಕಿ ನೋಡಿ, ಕೂರುವುದಿಲ್ಲ. ಚಟ್ನಿಯಲ್ಲಿ ಹಾಕಿ, ಸಲೀಸಾಗಿ ಕೂರುತ್ತದೆ. ಅಂದರೆ ಒಂದು ಪದಕ್ಕೆ ಎರಡು ಅರ್ಥ ಅನ್ನುವುದಕ್ಕಿಂತ, ಕನ್ನಡದಲ್ಲಿ ಎರಡು ನೈಸ್ ಇವೆ ಅನ್ನುವುದೇ ಸರಿ. ನಿಘಂಟಿನಲ್ಲೂ ಎರಡು ಬೇರೆ ನಮೂದು ಕೊಡಬೇಕು ಎಂಬುದು ನನ್ನ ವಾದ.

(ಬೆಂಗಳೂರಿನ ನೈಸ್ ರಸ್ತೆಯನ್ನು ಇದಕ್ಕೆ ಸೇರಿಸಬೇಡಿ. ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬುದರ ಮೊದಲಕ್ಷರಗಳು. ನುಣುಪು ಹೌದೋ ಅಲ್ಲವೋ, ದಿನಾ ಓಡಾಡುವವರು ಹೇಳಲಿ.)

ನನಗೆ ಬೇಕಾದದ್ದು ಇಷ್ಟು. ನಿಮ್ಮ ಮನೆಯ ಹಿರಿಯರು ರುಬ್ಬುವಾಗ ಏನು ಹೇಳುತ್ತಾರೆ? ನುಣ್ಣಗೆ, ನಯವಾಗಿ, ಸಣ್ಣಗೆ, ನೈಸಾಗಿ? ಊರಿನ ಹೆಸರು, ಹೇಳಿದವರ ವಯಸ್ಸು ಸುಮಾರಾಗಿ ತಿಳಿಸಿ. ಮಿಕ್ಸಿ ಬರುವ ಮೊದಲು, ಒರಳುಕಲ್ಲಿನ ಮುಂದೆ ಕೂತು ‘ನೈಸಾಗಿ’ ಅಂದವರನ್ನು ಕೇಳಿದ ನೆನಪಿದ್ದರೆ ಅದನ್ನಂತೂ ಬರೆಯಲೇಬೇಕು.