ಕೊಯಮತ್ತೂರಿನ ಯೆಜ್ಡಿಯನ್ನು ಸಾಗರಕ್ಕೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಸಾಗರದಿಂದ

ಕೊಯಮತ್ತೂರಿನಲ್ಲಿ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಒಂದು ಮಾರಾಟಕ್ಕಿದೆ. ಫೋಟೋ ನೋಡಿದ ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಅಪ್ಪನ ಹತ್ತಿರ ಇದೇ ಗಾಡಿ ಇತ್ತು. ಅದರ ಟ್ಯಾಂಕಿನ ಮೇಲೆ ಕೂತೇ ಬೆಳೆದವನು ನಾನು. 65 ಸಾವಿರ ಹೇಳುತ್ತಿದ್ದಾರೆ. ಹತ್ತು ಸಾವಿರ ಅಡ್ವಾನ್ಸ್ ಹಾಕಿದರೆ ಬೇರೆಯವರಿಗೆ ತೋರಿಸುವುದಿಲ್ಲವಂತೆ, ಲಾರಿಗೆ ಹಾಕಿ ಕಳಿಸುತ್ತಾರಂತೆ. ನೋಡದೆ ದುಡ್ಡು ಹಾಕಬಹುದಾ? ತರುವುದಾದರೆ ರೈಲಾ, ಲಾರಿಯಾ, ಓಡಿಸಿಕೊಂಡೇ ಬರುವುದಾ? ದೂರದಿಂದ ಗಾಡಿ ತಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ನೋಡದೆ ಒಂದು ರೂಪಾಯಿಯನ್ನೂ ಹಾಕಬೇಡಿ. ದೂರ ಹೌದು, ಆದರೂ ಒಂದು ಸಲ ಹೋಗಿ ಬನ್ನಿ. ಬಸ್ ಚಾರ್ಜು, ಎರಡು ದಿನದ ರಜೆ ಹೋದರೆ ಹೋಗಲಿ.

ನಾನು ಹೊರಗಿನಿಂದ ಮೂರು ಯೆಜ್ಡಿ ತಂದಿದ್ದೇನೆ. ಎಂಜಿನ್ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ಯೆಜ್ಡಿ ತಯಾರಾಗುತ್ತಿದ್ದ ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಈ ಗಾಡಿ ಬಿಚ್ಚಿ ಕೂಡಿಸುವ ಕೈಗಳು ನಮ್ಮೂರಲ್ಲಿ ಇನ್ನೂ ಇವೆ. ಬೋರ್ ಮಾಡಿಸಬಹುದು, ಕ್ರ್ಯಾಂಕ್ ಕಟ್ಟಿಸಬಹುದು. ನಾನು ಪೆಟ್ಟು ತಿಂದಿದ್ದು ಕಾಗದದಲ್ಲಿ.

ಎರಡನೇ ಗಾಡಿ ಪಕ್ಕದ ರಾಜ್ಯದ ಒಂದು ಪಟ್ಟಣದ್ದು. ಆರ್‌ಸಿ ಇತ್ತು, ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿಯ ಆರ್‌ಟಿಓ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೂಡ ಸಿಕ್ಕಿತು. ಖುಷಿಯಾಗಿ ತಂದೆ. ಇಲ್ಲಿ ಆರ್‌ಟಿಓದಲ್ಲಿ ಇನ್ಸ್‌ಪೆಕ್ಟರ್ ಚಾಸಿ ನಂಬರ್ ನೋಡಿದಾಗ ಆರ್‌ಸಿಯಲ್ಲಿ 8 ಇದ್ದ ಜಾಗದಲ್ಲಿ ಫ್ರೇಮ್ ಮೇಲೆ 3 ಇತ್ತು. ಹಿಂದೆ ಯಾವಾಗಲೋ ಕೈಯಲ್ಲಿ ಬರೆದವರು ತಪ್ಪಿದ್ದಾರೆ ಅಷ್ಟೇ. ಆದರೆ ಅದನ್ನು ಮೂಲ ಕಚೇರಿಯಲ್ಲೇ ತಿದ್ದಿಸಬೇಕು. ಅಲ್ಲಿಗೆ ನಾಲ್ಕು ಸಲ ಓಡಾಡಿದೆ. ಹನ್ನೊಂದು ತಿಂಗಳು ಗಾಡಿ ಮನೆ ಮುಂದೆ ಟಾರ್ಪಾಲಿನ ಕೆಳಗೆ ನಿಂತಿತ್ತು. ಅದನ್ನು ದಿನಾ ನೋಡುವುದೇ ಸಂಕಟ.

ಅದಕ್ಕೇ ಹೇಳುತ್ತೇನೆ. ಹೋಗುವಾಗ ಹಳೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ತೆಳು ಕಾಗದ, ಪೆನ್ಸಿಲ್ ಇಟ್ಟುಕೊಂಡು ಹೋಗಿ. ಫ್ರೇಮಿನ ಕುತ್ತಿಗೆ ಹತ್ತಿರ ಮಣ್ಣು, ಗ್ರೀಸು ಕೂತಿರುತ್ತದೆ. ಚೆನ್ನಾಗಿ ಒರೆಸಿ. ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಒಂದೊಂದೇ ಅಂಕಿ ಬಿಳಿಯಾಗಿ ಮೇಲೆ ಬರುತ್ತದೆ. ಎಂಜಿನ್ ನಂಬರಿಗೂ ಹಾಗೇ ಮಾಡಿ. ಎರಡನ್ನೂ ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ. ಅಂಕಿಗಳ ಸುತ್ತ ಲೋಹ ತಗ್ಗಾಗಿದ್ದರೆ, ಸಾಲು ವಾಲಾಡುತ್ತಿದ್ದರೆ, ಅಲ್ಲಿಂದ ಎದ್ದು ಬನ್ನಿ. ಕಳವಿನ ಗಾಡಿಯಾ ಅಂತ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ವಾಹನ್ ಸಮನ್ವಯ್ ವೆಬ್ ಪುಟದಲ್ಲಿ ನೋಡಬಹುದು.

ಇನ್ನೊಂದು ಮಾತು. 1986ರ ಗಾಡಿ ಅಂದರೆ ಹಳೇ ಮೂರಕ್ಷರದ ನಂಬರ್ ಇರುತ್ತದೆ. ಇಂಥ ಎಷ್ಟೋ ಗಾಡಿಗಳ ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಬರದಿದ್ದರೆ ಮೊದಲು ಅವರ ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು. ಎನ್‌ಒಸಿ ಆಮೇಲಿನ ಮಾತು. ಆ ಕೆಲಸ ಮಾರುವವರದ್ದು, ನಿಮ್ಮದಲ್ಲ.

ದಾವಣಗೆರೆಯಿಂದ

ಲಾರಿಯಲ್ಲಿ ಕಳಿಸುತ್ತೇನೆ ಅಂದಿದ್ದು ಓದಿ ಎದೆ ಧಸಕ್ ಅಂತು. ನನ್ನ ತಮ್ಮನಿಗೆ ಹೀಗೇ ಆಯಿತು. ಮಾರುವವನು ತಾನು ಮಿಲಿಟರಿಯವನು, ವರ್ಗ ಆಗಿದೆ, ಗಾಡಿಯನ್ನು ಕ್ಯಾಂಪಿನ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ ಅಂದ. ಮೊದಲು ಪಾರ್ಸೆಲ್ ಖರ್ಚು, ಆಮೇಲೆ ಜಿಎಸ್‌ಟಿ, ಆಮೇಲೆ ವಾಪಸ್ ಬರುವ ಡಿಪಾಸಿಟ್. ಒಟ್ಟು 23 ಸಾವಿರ ಹೋಯಿತು, ಗಾಡಿ ಬರಲಿಲ್ಲ. ನಿಮ್ಮವರು ಒಳ್ಳೆಯವರೇ ಇರಬಹುದು. ಆದರೂ ಒಂದು ವಿಡಿಯೋ ಕಾಲ್ ಮಾಡಿ, ಗಾಡಿ ಪಕ್ಕ ನಿಂತು ಆ ದಿನದ ಪೇಪರ್ ತೋರಿಸಿ ಅನ್ನಿ. ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಮ್ಮವನು ನಾಚಿಕೆಪಟ್ಟು ಎರಡು ದಿನ ಬಾಯಿ ಬಿಡಲಿಲ್ಲ.

ಹುಬ್ಬಳ್ಳಿಯಿಂದ

ನಾನು ಪುಣೆಯಿಂದ ಆರ್‌ಎಕ್ಸ್ 100 ಬೈಕ್ ತಂದೆ, ರೈಲಿನಲ್ಲಿ. ನನಗೆ ಒಳ್ಳೆಯ ಅನುಭವ.

ಆರ್‌ಸಿ, ಇನ್ಶೂರೆನ್ಸ್, ಆಧಾರ್ ಜೆರಾಕ್ಸ್ ಬೇಕು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಪೈಪ್ ಬಿಚ್ಚಿ ಬಾಟಲಿಗೆ ಬಸಿದು, ಕಾರ್ಬೊರೇಟರ್ ಬೌಲ್ ಸ್ಕ್ರೂ ಕೂಡ ಸಡಿಲಿಸಿ ಖಾಲಿ ಮಾಡಿ. ಸ್ಟೇಷನ್ ಹೊರಗೇ ಪ್ಯಾಕಿಂಗ್ ಮಾಡುವವರು ಇರುತ್ತಾರೆ. ಅವರು ಗೋಣಿಚೀಲ ಸುತ್ತಿ ದಬ್ಬಳದಲ್ಲಿ ಹೊಲಿಯುತ್ತಾರೆ, ಕೈ ಬಹಳ ಚುರುಕು. ಆದರೆ ಅವರು ಹೊಲಿಯುವ ಮುಂಚೆ ನೀವೇ ಮಿರರ್, ಇಂಡಿಕೇಟರ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಟ್ಯಾಂಕಿಗೆ ಹಳೆ ಕಂಬಳಿ ಸುತ್ತಿ, ಮೇಲೆ ರಟ್ಟು ಇಡಿಸಿ. ನಾನು ಕಂಬಳಿ ಸುತ್ತಿದ್ದಕ್ಕೆ ಒರಿಜಿನಲ್ ಪೇಂಟ್ ಉಳಿಯಿತು. ಹೆಡ್‌ಲೈಟ್ ರಿಂಗ್ ಮಾತ್ರ ನೆಗ್ಗಿತ್ತು, ಅಲ್ಲಿ ರಟ್ಟು ಹಾಕಿಸಲು ಮರೆತಿದ್ದೆ.

ಬುಕ್ ಮಾಡುವಾಗ ಗಾಡಿ ಬೆಲೆ ಎಷ್ಟು ಅಂತ ಕೇಳುತ್ತಾರೆ. ನಿಜವಾದ ಬೆಲೆ ಬರೆಸಿ, ಅದಕ್ಕೆ ಸ್ವಲ್ಪ ಜಾಸ್ತಿ ಶುಲ್ಕ ಕಟ್ಟಿ. ಬರೆಸದಿದ್ದರೆ, ಏನಾದರೂ ಆದಾಗ ಕಿಲೋ ಲೆಕ್ಕದಲ್ಲಿ ಚಿಲ್ಲರೆ ಪರಿಹಾರ ಸಿಗುತ್ತದೆ ಅಷ್ಟೇ. ಮತ್ತೆ, ಸಾಗರ ಜಂಬಗಾರು ಸ್ಟೇಷನ್‌ವರೆಗೆ ಅಂತ ಆಸೆಪಡಬೇಡಿ. ರೈಲು ಒಂದೆರಡು ನಿಮಿಷ ನಿಲ್ಲುವ ಕಡೆ ಬೈಕ್ ಇಳಿಸುವುದಿಲ್ಲ. ಕೊಯಮತ್ತೂರಿನಿಂದ ಬೆಂಗಳೂರಿಗೆ ನೇರ ರೈಲುಗಳಿವೆ, ಅಲ್ಲಿಗೆ ಬುಕ್ ಮಾಡಿ. ನಡುವೆ ರೈಲು ಬದಲಾಗುವ ಬುಕಿಂಗ್ ಬೇಡ, ಗಾಡಿ ಯಾವುದೋ ಪ್ಲಾಟ್‌ಫಾರ್ಮ್‌ನಲ್ಲಿ ಮಳೆಯಲ್ಲಿ ನೆನೆಯುತ್ತದೆ. ಗಾಡಿ ಬಂದ ಮೇಲೆ ಬೇಗ ಬಿಡಿಸಿಕೊಳ್ಳಿ, ತಡ ಆದರೆ ಗಂಟೆ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಸ್ಟೇಷನ್‌ನಲ್ಲಿ ಇಟ್ಟಿದ್ದಕ್ಕೆ ಶುಲ್ಕ, ಬೀಳುತ್ತದೆ.

ಚಾಮರಾಜನಗರದಿಂದ

ರೈಲು ಯಾಕೆ? ಓಡಿಸಿಕೊಂಡು ಬನ್ನಿ. ಕೊಯಮತ್ತೂರು, ಸತ್ಯಮಂಗಲ, ಬಣ್ಣಾರಿ, ದಿಂಬಂ ಘಾಟಿ, ಆಮೇಲೆ ನಮ್ಮೂರು. ನಾನೂ ನನ್ನ ಗೆಳೆಯನೂ ಅವನ ಯೆಜ್ಡಿಯನ್ನು ಹಾಗೇ ತಂದೆವು. ಘಾಟಿಯಲ್ಲಿ 27 ತಿರುವು. ಎರಡನೇ ಗೇರಿನಲ್ಲಿ ಆ ಜೋಡಿ ಸೈಲೆನ್ಸರ್ ಶಬ್ದ ಕೇಳುತ್ತಾ ಹತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಬೆಳಿಗ್ಗೆಯೇ ಹೊರಡಿ, ಅದು ಹುಲಿ ಕಾಡು, ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಪ್ರತಿ 40 ಕಿಲೋಮೀಟರಿಗೆ ಹತ್ತು ನಿಮಿಷ ನಿಲ್ಲಿಸಿ. ಪೆಟ್ರೋಲಿಗೆ ಆಯಿಲ್ ನೀವೇ ಬೆರೆಸಬೇಕು, ನಾನು ಲೀಟರಿಗೆ 40 ಎಂಎಲ್ ಹಾಕುತ್ತೇನೆ.

ಮೈಸೂರಿನಿಂದ

ಇದನ್ನು ನಾನು ಒಪ್ಪುವುದಿಲ್ಲ. ಗೊತ್ತಿರುವ ಗಾಡಿಯಾದರೆ ಸರಿ. ಎಷ್ಟು ವರ್ಷ ನಿಂತಿತ್ತೋ ಗೊತ್ತಿಲ್ಲದ ಟೂ ಸ್ಟ್ರೋಕ್ ಎಂಜಿನ್ನನ್ನು ಮೊದಲ ದಿನವೇ ಘಾಟಿ ಹತ್ತಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ತಿರುವಿನಲ್ಲಿ ಬೀಳುವುದು ನೀವು. ಇನ್ಶೂರೆನ್ಸ್ ಬೇರೆ ಚಾಲ್ತಿಯಲ್ಲಿ ಇರಬೇಕಲ್ವಾ?

ಕೇಳಿದವರು, ಸಾಗರದಿಂದ

ಎಲ್ಲರಿಗೂ ಧನ್ಯವಾದ. ಇವತ್ತು ವಿಡಿಯೋ ಕಾಲ್ ಮಾಡಿದೆ, ಪೇಪರ್ ಹಿಡಿದು ಗಾಡಿ ತೋರಿಸಿದರು. ಒಳ್ಳೆಯ ಮನುಷ್ಯ ಅನ್ನಿಸಿತು. ಆದರೆ ಎರಡು ವಿಷಯ ಈಗ ಗೊತ್ತಾಯಿತು. ಆರ್‌ಸಿ 2021ಕ್ಕೇ ಮುಗಿದಿದೆ. ಮತ್ತೆ ಆರ್‌ಸಿ ಅವರ ತಂದೆ ಹೆಸರಲ್ಲಿದೆ, ತಂದೆ ತೀರಿಕೊಂಡು ಮೂರು ವರ್ಷ ಆಗಿದೆ. ಅಲ್ಲಿಯ ಏಜೆಂಟ್ ಒಬ್ಬರು "ಗಾಡಿ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ತಂದೆ ಸಹಿ ನಾವೇ ಹಾಕಿಸಿಕೊಡುತ್ತೇವೆ" ಅಂದರಂತೆ. ಏನು ಮಾಡಲಿ?

ಮೈಸೂರಿನಿಂದ

ಆ ಸಹಿಗೆ ಖಂಡಿತ ಒಪ್ಪಬೇಡಿ. ತೀರಿಕೊಂಡವರ ಸಹಿ ಹಾಕಿದ ಕಾಗದ ಫೋರ್ಜರಿ, ಮುಂದೆ ಕೇಸಾದರೆ ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ.

ದಾರಿ ಇದೆ, ಸ್ವಲ್ಪ ಉದ್ದ. ಮಗ ಫಾರ್ಮ್ 31, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟು ಮೊದಲು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ನವೀಕರಣಕ್ಕೆ ಫಾರ್ಮ್ 25, ಅದಕ್ಕೆ ಗಾಡಿಯನ್ನು ಅಲ್ಲಿಯ ಇನ್ಸ್‌ಪೆಕ್ಟರ್ ಕಣ್ಣಾರೆ ನೋಡಬೇಕು. ಆದ್ದರಿಂದ ಇದೆಲ್ಲ ಮುಗಿಯುವವರೆಗೆ ಗಾಡಿ ಕೊಯಮತ್ತೂರು ಬಿಡಬಾರದು. ತಂದುಬಿಟ್ಟರೆ ಮತ್ತೆ ಅಲ್ಲಿಗೇ ಹೊತ್ತುಕೊಂಡು ಹೋಗಬೇಕಾಗುತ್ತದೆ. ನವೀಕರಣ ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಅಂತ ಕೇಂದ್ರದ ನಿಯಮದಲ್ಲಿದೆ. 2021ರಿಂದ ಲೆಕ್ಕ ಹಾಕಿದರೆ ಸಣ್ಣ ಮೊತ್ತ ಅಲ್ಲ. ಅಲ್ಲಿ ಎಷ್ಟು ಕಟ್ಟಿಸಿಕೊಳ್ಳುತ್ತಾರೆ ಅಂತ ಅವರೇ ಕೇಳಿಕೊಂಡು ಬರಲಿ, ಆಮೇಲೆ 65 ಸಾವಿರದ ಮಾತಾಡಿ. ಇಷ್ಟಾದ ಮೇಲೆ ಫಾರ್ಮ್ 28ರಲ್ಲಿ ಎನ್‌ಒಸಿ, ಶಿವಮೊಗ್ಗ ಜಿಲ್ಲೆಯಲ್ಲಿ ನಿಮ್ಮ ಊರು ಯಾವ ಆರ್‌ಟಿಓಗೆ ಬರುತ್ತದೋ ಅದರ ಹೆಸರಿಗೇ ಇರಬೇಕು. 29, 30ಕ್ಕೆ ಮಗನ ಸಹಿ. ಇಲ್ಲಿಗೆ ಬಂದ ಮೇಲೆ ನಮ್ಮ ರಾಜ್ಯದ ತೆರಿಗೆ ಬೇರೆ ಕಟ್ಟಬೇಕು, ಅದನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಿರಿ.

ದುಡ್ಡಿನ ವಿಷಯ. ಸುಮ್ನೆ ಖಾಲಿ ಕೈಯಲ್ಲಿ ಹೋದರೆ ಅವರಿಗೂ ನಂಬಿಕೆ ಬರುವುದಿಲ್ಲ. ಹೋಗಿ ನಂಬರ್ ಉಜ್ಜಿ ನೋಡಿ, ಸರಿ ಇದ್ದರೆ ಎರಡು ಮೂರು ಸಾವಿರ ಬ್ಯಾಂಕ್ ಮೂಲಕ ಹಾಕಿ, ಒಂದು ಹಾಳೆಯಲ್ಲಿ ಒಪ್ಪಂದ ಬರೆದುಕೊಳ್ಳಿ. ಉಳಿದದ್ದು ಎನ್‌ಒಸಿ ಕೈಗೆ ಬಂದ ದಿನ. ಅವತ್ತು ಅವರು ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರಬಾರದು ಅಂತ ಮೊದಲೇ ಹೇಳಿ. ಹೋದ ಕೂಡಲೇ ಸಿಲಿಂಡರ್ ಮೇಲೆ ಕೈ ಇಡಿ, ತಣ್ಣಗಿರಬೇಕು. ಆಮೇಲೆ ನೀವೇ ಕಿಕ್ ಹೊಡೆಯಿರಿ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್ ಅಲ್ವಾ, ಅದು ಸಡಿಲವಾಗಿ ಅಲ್ಲಾಡುತ್ತದೆಯಾ ನೋಡಿ. ಟಾರ್ಚ್ ಹಾಕಿ ಟ್ಯಾಂಕಿನ ಒಳಗೆ ತುಕ್ಕು ನೋಡಿ.

ಹುಬ್ಬಳ್ಳಿಯವರು ಹೇಳಿದ ಹಾಗೆ ರೈಲಿನಲ್ಲಿ ಬೆಂಗಳೂರಿಗೆ ತಂದರೂ ಸರಿ. ಇಲ್ಲ, ಕೊಯಮತ್ತೂರಿನಿಂದ ಒಂದು ಪಿಕಪ್ ಮಾಡಿಕೊಂಡು ಮೈಸೂರಿಗೆ ತನ್ನಿ, ದೂರ ಸುಮಾರು 200 ಕಿಲೋಮೀಟರ್. ಎಂಜಿನ್ ಇಲ್ಲಿ ಬಿಚ್ಚಿಸೋಣ. ಸಾಗರಕ್ಕೆ ನೀವೇ ಓಡಿಸಿಕೊಂಡು ಹೋಗಿ.